.22 ರೈಫಲ್ ಶುಚಿ ಮಾಡುವುದು ಹೇಗೆ: ನಳಿಕೆಯ ಬಾಯಿ ಸವೆಸದೆ, ಸಣ್ಣ ಭಾಗ ಕಳೆಯದೆ

ನಮ್ಮ ಮನೆಯ .22 ರೈಫಲ್ (ನಳಿಕೆಯ ರಂಧ್ರ ಸುಮಾರು 0.22 ಇಂಚಿನದು) ನನ್ನ ಕೈಗೆ ಬಂದಾಗ ಹೊರಗಿನಿಂದ ಹೊಸದರಂತೆ ಹೊಳೆಯುತ್ತಿತ್ತು. ಐವತ್ತು ಮೀಟರ್ ದೂರದ ಕಾಗದಕ್ಕೆ ಹೊಡೆದರೆ ಮಾತ್ರ ಗುಂಡುಗಳು ಅಂಗೈಯಗಲ ಚೆದುರುತ್ತಿದ್ದವು. ತೋಟೆಯ ಬ್ರ್ಯಾಂಡ್ ಬದಲಿಸಿದೆ, ಸ್ಕೋಪ್ ಬಿಚ್ಚಿ ಮತ್ತೆ ಕೂರಿಸಿದೆ, ಉಸಿರು ಹಿಡಿಯುವುದನ್ನು ಅಭ್ಯಾಸ ಮಾಡಿದೆ. ಯಾವುದೂ ಫಲ ಕೊಡಲಿಲ್ಲ. ಕೊನೆಗೆ ಕೋವಿ ರಿಪೇರಿಯಲ್ಲೇ ಕೂದಲು ಬೆಳ್ಳಗಾದ ಹಿರಿಯರೊಬ್ಬರು, ಗಡಿಯಾರದವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಭೂತಗನ್ನಡಿಯಲ್ಲಿ ನಳಿಕೆಯ ಬಾಯಿಯನ್ನು ನೋಡಿ, ಏನೂ ಹೇಳದೆ ಗಾಜನ್ನು ನನ್ನ ಕೈಗೆ ಕೊಟ್ಟರು. ದುಂಡಗಿರಬೇಕಾದ ರಂಧ್ರದ ಕೆಳಗಿನ ಅಂಚು, ಹಗ್ಗ ಎಳೆದೆಳೆದು ಸವೆದ ಬಾವಿಕಟ್ಟೆಯ ಕಲ್ಲಿನಂತೆ ಜಾರಿತ್ತು. "ಮಾರಾಯ, ಇದು ಗುಂಡು ಹೊಡೆದು ಸವೆದದ್ದಲ್ಲ, ಒರೆಸಿ ಸವೆದದ್ದು" ಎಂದರು.

ಒರೆಸಿದವರು ನನ್ನ ಅಪ್ಪ. ಮೂವತ್ತು ವರ್ಷ, ಹೆಚ್ಚುಕಡಿಮೆ ಪ್ರತಿ ಭಾನುವಾರ ಸಂಜೆ, ಕೋವಿ ಹಾರಿಸಿರಲಿ ಹಾರಿಸದಿರಲಿ, ತುಂಡು ತುಂಡಾಗಿ ಜೋಡಿಸುವ ಉಕ್ಕಿನ ಸರಳನ್ನು ಬಾಯಿಯ ಕಡೆಯಿಂದ ತೂರಿಸಿ, ತಂತಿ ಬ್ರಷ್ಷಿನಲ್ಲಿ ತಿಕ್ಕುತ್ತಿದ್ದರು. ಪ್ರೀತಿಗೇನೂ ಕೊರತೆಯಿರಲಿಲ್ಲ. .22 ರೈಫಲ್ಲುಗಳು ಹೆಚ್ಚಾಗಿ ಹಾಳಾಗುವುದು ಇಂಥ ಪ್ರೀತಿಯಿಂದಲೇ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಎಲ್ಲಿ ಉಜ್ಜಬೇಕು ಎನ್ನುವಷ್ಟೇ ಎಲ್ಲಿ ಕೈ ತಡೆಯಬೇಕು ಎಂಬುದನ್ನೂ ಹೇಳಿದ್ದೇನೆ. ಮುಖ್ಯವಾಗಿ ಬೋಲ್ಟ್ ಆಕ್ಷನ್ ರೈಫಲ್ಲನ್ನು, ಅಂದರೆ ಬೋಲ್ಟ್ ಎಂಬ ಉಕ್ಕಿನ ಅಗುಳಿಯನ್ನು ಪ್ರತಿ ಸಲ ಕೈಯಿಂದ ಎಳೆದು ತಳ್ಳಿ ತೋಟೆ ತುಂಬುವಂಥದ್ದನ್ನು, ಮನಸ್ಸಿನಲ್ಲಿಟ್ಟು ಬರೆದದ್ದು. ಮುಂದಿನ ತೋಟೆಯನ್ನು ತಾನೇ ತುಂಬಿಕೊಳ್ಳುವ ಅರೆಸ್ವಯಂಚಾಲಿತ ರೈಫಲ್ಲಿನ ವಿಚಾರ ಕೊನೆಯ ಕಡೆ ಚಿಕ್ಕದಾಗಿ ಬರುತ್ತದೆ.

ತೋಟೆಯೊಳಗೆ ಏನಿದೆ ಎಂದು ಮೊದಲು ತಿಳಿಯಿರಿ

ರಿಮ್‌ಫೈರ್ ಎಂಬ ಜಾತಿಯ .22 ತೋಟೆಗೆ ದೊಡ್ಡ ತೋಟೆಗಳಂತೆ ಬುಡದ ನಡುವೆ ಬೇರೆ ಕ್ಯಾಪ್ ಇರುವುದಿಲ್ಲ. ಹಿತ್ತಾಳೆ ಚಿಪ್ಪಿನ ಬುಡದಲ್ಲಿ ಸುತ್ತಲೂ ಮಡಿಚಿದ ತೆಳು ಅಂಚಿದೆಯಲ್ಲ, ಸಿಡಿಮದ್ದು ಇರುವುದು ಅದರೊಳಗೆ. ಬೋಲ್ಟಿನೊಳಗಿನ ಫೈರಿಂಗ್ ಪಿನ್ ಎಂಬ ಮೊಳೆ ಆ ಅಂಚನ್ನು ಚೇಂಬರಿನ (ನಳಿಕೆಯ ಹಿಂತುದಿಯಲ್ಲಿ ತೋಟೆ ಕೂರುವ ಗೂಡಿನ) ಉಕ್ಕಿಗೆ ಒತ್ತಿ ಜಜ್ಜಿದಾಗ ಕಿಡಿ ಹುಟ್ಟುತ್ತದೆ. ಪಿನ್ನು ಸುತ್ತಿಗೆಯಾದರೆ ಚೇಂಬರಿನ ಅಂಚು ಕಮ್ಮಾರನ ಅಡಿಗಲ್ಲು. ನಡುವೆ ತೋಟೆಯೇ ಇಲ್ಲದಿದ್ದರೆ ಸುತ್ತಿಗೆ ನೇರವಾಗಿ ಅಡಿಗಲ್ಲಿಗೇ ಬೀಳುತ್ತದೆ. ಈ ಮಾತು ಮುಂದೆ ಮತ್ತೆ ಬರುತ್ತದೆ, ನೆನಪಿರಲಿ.

ಗುಂಡಿನ ತೂಕ ಸಾಮಾನ್ಯವಾಗಿ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ. ಹೆಚ್ಚಿನವು ಬರಿಯ ಸೀಸದವು, ಮೇಲೆ ಮೇಣದ ಅಥವಾ ಗ್ರೀಸಿನ ಲೇಪ. ಸೈನ್ಯದ ರೈಫಲ್ಲಿನ ಗುಂಡಿಗಿರುವಂಥ ದಪ್ಪ ತಾಮ್ರದ ಹೊದಿಕೆ ಇದಕ್ಕಿಲ್ಲ. ಕೆಲವಕ್ಕೆ ತಾಮ್ರದ ತೆಳು ಲೇಪವಿರುತ್ತದೆ, ಅಷ್ಟೆ. ಸೀಸ ಉಕ್ಕಿಗಿಂತ ಎಷ್ಟೋ ಮೆತ್ತಗೆ, ಒತ್ತಡವೂ ಕಡಿಮೆ. ಒಳ್ಳೆಯ ನಳಿಕೆ ಸಾವಿರಾರು ಗುಂಡು ಹಾರಿಸಿದರೂ ಜಗ್ಗುವುದಿಲ್ಲ. ನಳಿಕೆಯಲ್ಲಿ ಉಳಿಯುವುದು ಮೇಣ, ಮಸಿ, ಒಂದಿಷ್ಟು ಸೀಸ, ಜೊತೆಗೆ ಸಿಡಿಮದ್ದಿನಲ್ಲಿ ಉಜ್ಜಿಕೊಂಡು ಕಿಡಿ ಹುಟ್ಟಲೆಂದು ಬೆರೆಸಿದ ಗಾಜಿನ ಪುಡಿ. ಮೊದಲ ಮೂರು ಸಾಧುಗಳು. ನಾಲ್ಕನೆಯದು ಮರಳು ಕಾಗದದ ಸ್ವಭಾವದ್ದು. ಕೊಳೆಯಾದ ಬಟ್ಟೆಯನ್ನು ನಳಿಕೆಯೊಳಗೆ ಹಿಂದೆ ಮುಂದೆ ಆಡಿಸಬಾರದು ಎನ್ನುವುದಕ್ಕೆ ಕಾರಣ ಇದೇ.

ಹಾಗಾದರೆ ಹಿರಿಯರು ಹೊಡೆದ ದಿನವೇ ತೊಳೆಯಬೇಕೆಂದು ಹಟ ಹಿಡಿಯುತ್ತಿದ್ದುದೇಕೆ? ಅವರ ಕಾಲಕ್ಕೆ ಅದು ಸರಿಯೇ. ಹಳೆಯ ಸಿಡಿಮದ್ದಿನಲ್ಲಿ ಪೊಟಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದಾಗ ಉಳಿಯುವ ಪೊಟಾಸಿಯಂ ಕ್ಲೋರೈಡ್ ಅಡುಗೆ ಉಪ್ಪಿನ ದಾಯಾದಿ. ಗಾಳಿಯ ತೇವವನ್ನು ಹೀರಿ ರಾತ್ರಿ ಬೆಳಗಾಗುವುದರೊಳಗೆ ನಳಿಕೆಗೆ ತುಕ್ಕು ತರುತ್ತಿತ್ತು. ಎಣ್ಣೆಗೆ ಉಪ್ಪು ಕರಗುವುದಿಲ್ಲವಾದ್ದರಿಂದ ಬಿಸಿನೀರನ್ನೇ ಹೊಯ್ಯುತ್ತಿದ್ದರು. 1920ರ ದಶಕದ ಕೊನೆಯ ಹೊತ್ತಿಗೆ ತುಕ್ಕು ತರದ ಸಿಡಿಮದ್ದು ಮಾರುಕಟ್ಟೆಗೆ ಬಂತು, ಕ್ರಮೇಣ ಎಲ್ಲ ಕಡೆ ಹಬ್ಬಿತು. ಮದ್ದು ಬದಲಾದರೂ ಮನೆಯ ಅಭ್ಯಾಸ ಬದಲಾಗಲಿಲ್ಲ.

ಯಾವಾಗ ಶುಚಿ ಮಾಡಬೇಕು

ನನ್ನ ಲೆಕ್ಕ ಇಷ್ಟು: ಚೇಂಬರು ಮತ್ತು ಬೋಲ್ಟಿನ ಮುಖವನ್ನು ಹಾರಿಸಿದ ಪ್ರತಿ ದಿನವೂ ಒರೆಸುತ್ತೇನೆ. ನಳಿಕೆಯೊಳಗೆ ಬಟ್ಟೆ ಹಾಯಿಸುವುದು ಇನ್ನೂರು ಮುನ್ನೂರು ಗುಂಡಿಗೊಮ್ಮೆ, ಇಲ್ಲವೇ ಗುಂಡುಗಳು ಕಾರಣವಿಲ್ಲದೆ ಚೆದುರತೊಡಗಿದಾಗ. ಬ್ರಷ್ ಹಾಕುವುದು ವರ್ಷಕ್ಕೆ ಒಂದೆರಡು ಸಲ. ಸ್ಪರ್ಧೆಗೆ ಇಳಿಯುವವರಲ್ಲಿ ಐವತ್ತು ಗುಂಡಿಗೊಮ್ಮೆ ಒರೆಸುವವರೂ ಇದ್ದಾರೆ, ತಿಂಗಳುಗಟ್ಟಲೆ ಮುಟ್ಟದವರೂ ಇದ್ದಾರೆ; ಇಬ್ಬರೂ ಪದಕ ಗೆಲ್ಲುತ್ತಾರೆ. ಎರಡು ಸಂದರ್ಭಗಳಲ್ಲಿ ಮಾತ್ರ ತಡ ಮಾಡಬಾರದು: ಕೋವಿ ಮಳೆಯಲ್ಲಿ ನೆನೆದಾಗ, ಮತ್ತು ತಿಂಗಳುಗಟ್ಟಲೆ ಎತ್ತಿಡುವ ಮೊದಲು.

ಬೇಕಾದ ಸಾಮಾನು, ಬೇಡವಾದ ಸಾಮಾನು

ಒಂದೇ ತುಂಡಿನ ಸರಳು ಬೇಕು. ಪ್ಲಾಸ್ಟಿಕ್ ಲೇಪವಿರುವ ಉಕ್ಕಿನದೋ ಕಾರ್ಬನ್ ಫೈಬರಿನದೋ ಇರಲಿ, ಹಿಡಿ ಬೇರಿಂಗಿನ ಮೇಲೆ ತಿರುಗುವಂತಿರಲಿ. ಗುಂಡನ್ನು ತಿರುಗಿಸಲೆಂದು ನಳಿಕೆಯೊಳಗೆ ಕೊರೆದ ಸುರುಳಿ ಗೆರೆಗಳು ಸಾಮಾನ್ಯವಾಗಿ 16 ಇಂಚಿಗೆ ಒಂದು ಸುತ್ತು ತಿರುಗುತ್ತವೆ. ಸರಳೂ ಅದರೊಂದಿಗೆ ತಿರುಗದಿದ್ದರೆ ಬಟ್ಟೆ ಗೆರೆಗಳ ಮೇಲೆ ಹಾರಿ ಹಾರಿ ಹೋಗುತ್ತದೆ. ಮೂರು ತುಂಡು ಜೋಡಿಸುವ ಅಗ್ಗದ ಸರಳು ಕೀಲುಗಳಲ್ಲಿ ಬಾಗುತ್ತದೆ, ಕೀಲಿನ ಅಂಚು ನಳಿಕೆಯನ್ನು ಕೆರೆಯುತ್ತದೆ. ಅದನ್ನು ಕಿಟಕಿಯ ಪರದೆಗೆ ಬಳಸಿ.

ಎರಡನೆಯದು ಬೋರ್ ಗೈಡ್. ಬೋಲ್ಟಿನ ಜಾಗದಲ್ಲಿ ಕೂರುವ ಪ್ಲಾಸ್ಟಿಕ್ ಕೊಳವೆ ಇದು. ಸರಳು ಅತ್ತಿತ್ತ ಒಲೆಯದೆ ನಡುಮಧ್ಯದಲ್ಲಿ ಸಾಗುತ್ತದೆ, ದ್ರಾವಣ ಟ್ರಿಗರಿಗೆ ಸೋರುವುದಿಲ್ಲ. ಕೊಂಡ ಸಾಮಾನುಗಳಲ್ಲಿ ದುಡ್ಡಿಗೆ ಮೋಸವಿಲ್ಲದ್ದು ಇದು. ಇನ್ನು ಹಳೆಯ ಬನಿಯನ್ ಕತ್ತರಿಸಿ ಮಾಡಿದ ಬಟ್ಟೆ ತುಂಡುಗಳು, ನೈಲಾನ್ ಬ್ರಷ್ ಒಂದು, .22 ಅಳತೆಯ ಕಂಚಿನ ಬ್ರಷ್ ಒಂದು, ಹಲ್ಲುಜ್ಜುವ ಹಳೆಯ ಬ್ರಷ್, ಕಿವಿಗೆ ಹಾಕುವ ಹತ್ತಿ ಕಡ್ಡಿ, ಹಲ್ಲುಕಡ್ಡಿ, ನೈಟ್ರೈಲ್ ಕೈಗವಸು. ಜರ್ಮನಿಯ ವಿಎಫ್‌ಜಿ ಕಂಪನಿಯ ಉಣ್ಣೆಯ ಗುಳಿಗೆಗಳು ಸಿಕ್ಕರೆ ಬಟ್ಟೆಗಿಂತ ಒಳ್ಳೆಯವು. ನಳಿಕೆಯನ್ನು ಸಮನಾಗಿ ತುಂಬಿಕೊಂಡು ಹೋಗುತ್ತವೆ.

ದ್ರಾವಣ ಯಾವುದೇ ಸಾಧಾರಣ ಕೋವಿ ದ್ರಾವಣವಾದರೂ ನಡೆಯುತ್ತದೆ. ಹಾಪೀಸ್ ನಂಬರ್ 9 ಹೆಸರು ಹಳಬರಿಗೆಲ್ಲ ಗೊತ್ತು. ತಾಮ್ರ ತೆಗೆಯುವ ಅಮೋನಿಯಾ ದ್ರಾವಣ ಬೇಡ. ತೆಗೆಯಬೇಕಾದಷ್ಟು ತಾಮ್ರ ಇಲ್ಲಿಲ್ಲ, ಬದಲಿಗೆ ನಿಮ್ಮ ಕಂಚಿನ ಬ್ರಷ್ಷನ್ನೇ ಅದು ತಿನ್ನುತ್ತದೆ. ಎಣ್ಣೆಗೆ ತೆಳುವಾದ ಕೋವಿ ಎಣ್ಣೆಯಾಗಲಿ ಹೊಲಿಗೆ ಯಂತ್ರದ ಎಣ್ಣೆಯಾಗಲಿ ಸಾಕು. ಡಬ್ಲ್ಯೂಡಿ-40 ನೀರು ಓಡಿಸಲು ಒಳ್ಳೆಯದು, ತಿಂಗಳುಗಟ್ಟಲೆ ಕಾಪಾಡುವ ಎಣ್ಣೆ ಎಂದು ನಂಬಲು ಅಲ್ಲ. ಉಕ್ಕಿನ ತಂತಿ ಬ್ರಷ್, ಪಾತ್ರೆ ಉಜ್ಜುವ ಉಕ್ಕಿನ ನಾರು, ಹುಣಸೆಹಣ್ಣು, ವಿನೆಗರ್ ಇವುಗಳನ್ನು ಮೇಜಿನ ಹತ್ತಿರಕ್ಕೂ ತರಬೇಡಿ. ಹಿತ್ತಾಳೆ ದೀಪ ಬೆಳಗುವ ಹುಣಸೆಹುಳಿ ಕೋವಿಯ ನೀಲಿಗಪ್ಪು ಲೇಪವನ್ನೂ ಅಷ್ಟೇ ಉತ್ಸಾಹದಿಂದ ಕಿತ್ತುಹಾಕುತ್ತದೆ.

ಕೊಬ್ಬರಿ ಎಣ್ಣೆಯ ಬಗ್ಗೆ ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಆ ತಪ್ಪು ನನ್ನದು. ಒಮ್ಮೆ ಕೋವಿ ಎಣ್ಣೆ ಮುಗಿದಿತ್ತು. ಅಡುಗೆಮನೆಯ ಕೊಬ್ಬರಿ ಎಣ್ಣೆಯನ್ನೇ ಬೋಲ್ಟಿನೊಳಗೆ ಧಾರಾಳವಾಗಿ ಬಿಟ್ಟೆ. ಡಿಸೆಂಬರಿನ ಮುಂಜಾನೆ ಗುರಿ ಹಿಡಿದು ಟ್ರಿಗರ್ ಎಳೆದರೆ ಸದ್ದು ಬರಲಿಲ್ಲ, ಸುಸ್ತಾದ ಒಂದು 'ಟಕ್' ಮಾತ್ರ. ಕೊಬ್ಬರಿ ಎಣ್ಣೆ 24 ಡಿಗ್ರಿ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಫೈರಿಂಗ್ ಪಿನ್ ಬೆಣ್ಣೆಯೊಳಗೆ ಓಡುವಂತೆ ಓಡಿತ್ತು. ಹೀಗೆ ತೋಟೆ ಸಿಡಿಯದಿದ್ದರೆ ಕೋವಿಯನ್ನು ಗುರಿಯ ದಿಕ್ಕಿಗೇ ಹಿಡಿದು ಕನಿಷ್ಠ ಮೂವತ್ತು ಸೆಕೆಂಡ್ ಕಾದು, ಆಮೇಲೆ ಬೋಲ್ಟ್ ತೆರೆಯಬೇಕು. ತಡವಾಗಿ ಸಿಡಿಯುವ ತೋಟೆಗಳೂ ಇರುತ್ತವೆ.

ಕೈ ಹಾಕುವ ಮೊದಲು

ಮ್ಯಾಗಜೀನ್ ಮೊದಲು ಹೊರಗೆ, ಆಮೇಲೆ ಬೋಲ್ಟ್ ತೆರೆಯುವುದು. ಈ ಕ್ರಮ ತಪ್ಪಿದರೆ ಬೋಲ್ಟು ಮ್ಯಾಗಜೀನಿನಿಂದ ಇನ್ನೊಂದು ತೋಟೆಯನ್ನು ಎಳೆದುಕೊಂಡೀತು. ಚೇಂಬರನ್ನು ಬೆಳಕಿನಲ್ಲಿ ಕಣ್ಣಿಂದ ನೋಡಿ, ಕಿರುಬೆರಳ ತುದಿಯಿಂದ ಮುಟ್ಟಿಯೂ ನೋಡಿ. ನಳಿಕೆಯ ಕೆಳಗೆ ಕೊಳವೆ ಮ್ಯಾಗಜೀನ್ ಇರುವ ರೈಫಲ್ಲಾದರೆ ಇನ್ನೂ ಎಚ್ಚರ ಬೇಕು. ಕೊಳವೆಯಲ್ಲಿ ಒಂದು ತೋಟೆ ಅಂಟಿಕೊಂಡು ಉಳಿಯುವುದುಂಟು. ತೋಟೆಯ ಡಬ್ಬಿ ಶುಚಿ ಮಾಡುವ ಕೋಣೆಯಲ್ಲೇ ಇರಬಾರದು.

ಊಟದ ಮೇಜು ಬೇಡ. ಬಟ್ಟೆಗೆ ಅಂಟಿ ಬರುವ ಕಪ್ಪಿನಲ್ಲಿ ಸೀಸವಿದೆ, ಸೀಸ ಮಕ್ಕಳ ಮಿದುಳಿಗೆ ವಿಷ. ಗಾಳಿಯಾಡುವ ಜಗಲಿ ಒಳ್ಳೆಯದು. ಕೈಗವಸು ಹಾಕಿಕೊಳ್ಳಿ, ಕೆಲಸ ಮುಗಿಯುವವರೆಗೆ ಕಾಫಿ ಲೋಟ ದೂರವಿರಲಿ, ಮುಗಿದ ಮೇಲೆ ತಣ್ಣೀರು ಸಾಬೂನಿನಲ್ಲಿ ಕೈ ತೊಳೆಯಿರಿ. ಕೊಳೆ ಬಟ್ಟೆಗಳನ್ನು ಮುಚ್ಚಿದ ಡಬ್ಬಿಗೆ ಹಾಕಿ. ಒಲೆಗೆ ಹಾಕಿದರೆ ಹೊಗೆಯೊಂದಿಗೆ ಸೀಸವೂ ಮನೆ ತುಂಬ ಹರಡುತ್ತದೆ.

ರೈಫಲ್ಲನ್ನು ಬಾಯಿ ತುಸು ಕೆಳಗಾಗುವಂತೆ ಮೆತ್ತನೆಯ ಆಸರೆಯ ಮೇಲೆ ಮಲಗಿಸಿ. ದ್ರಾವಣ ಮುಂದಕ್ಕೆ ಹರಿಯಬೇಕೇ ಹೊರತು ಹಿಂದಕ್ಕೆ, ಟ್ರಿಗರಿಗೋ ಮರದ ಹಿಡಿಗೋ ಅಲ್ಲ. ಮರದ ಪಾಲಿಶನ್ನು ಕೆಲವು ದ್ರಾವಣಗಳು ಒಂದೇ ಹನಿಯಲ್ಲಿ ಎಬ್ಬಿಸುತ್ತವೆ, ಹಿಡಿಗೆ ಹಳೆಯ ಟವೆಲ್ ಸುತ್ತಿ.

ನಳಿಕೆಯನ್ನು ಮರದಿಂದ ಬಿಚ್ಚುವ ಆಸೆ ಬಂದರೆ ಅದುಮಿಕೊಳ್ಳಿ. ಪ್ರತಿ ಸಲ ಬಿಚ್ಚಿ ಬಿಗಿದಾಗಲೂ ಲೋಹ ಮರದಲ್ಲಿ ಕೂರುವ ರೀತಿ ಕೂದಲೆಳೆಯಷ್ಟು ಬದಲಾಗುತ್ತದೆ, ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಮಳೆಯಲ್ಲಿ ನೆನೆದಾಗ ಬಿಚ್ಚಲೇಬೇಕು. ಆಗ ತಿರುಪಿನ ಗೀಟು ಯಾವ ದಿಕ್ಕಿಗೆ ನಿಂತಿದೆ ಎಂದು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಂಡು, ಮತ್ತೆ ಅಲ್ಲಿಗೇ ತಂದು ನಿಲ್ಲಿಸಿ.

ಬೋಲ್ಟ್ ಹೊರಗೆ, ಮೊದಲ ಗಮನ ಚೇಂಬರಿಗೆ

ಅನೇಕ .22 ರೈಫಲ್ಲುಗಳಲ್ಲಿ ಟ್ರಿಗರನ್ನು ಒತ್ತಿ ಹಿಡಿದು ಬೋಲ್ಟ್ ಎಳೆದರೆ ಹೊರಬರುತ್ತದೆ. ನಿಮ್ಮದರಲ್ಲಿ ಹೇಗೆಂದು ಕೈಪಿಡಿ ನೋಡಿ. ಹೊರಬಂದ ಬೋಲ್ಟಿನ ಹಿಂಭಾಗವನ್ನು ಸುಮ್ಮನೆ ತಿರುವಬೇಡಿ. ಬಿಗಿದ ಸ್ಪ್ರಿಂಗ್ ಟಪ್ಪೆಂದು ಸಡಿಲಗೊಂಡು ಪಿನ್ ಮುಂದೆ ಬರುತ್ತದೆ, ಆಮೇಲೆ ಬೋಲ್ಟು ಒಳಗೆ ಹೋಗುವುದಿಲ್ಲ. ಕೋವಿಯೇ ಕೆಟ್ಟಿತೆಂದು ಅಂಗಡಿಗೆ ಹೊತ್ತುಕೊಂಡು ಹೋದವರನ್ನು ಕಂಡಿದ್ದೇನೆ.

ಜನ ಉದ್ದದ ನಳಿಕೆಯ ಮೇಲೆ ಶಕ್ತಿ ಸುರಿಯುತ್ತಾರೆ. .22ರಲ್ಲಿ ಕೊಳೆ ನಿಜವಾಗಿ ಕಟ್ಟುವುದು ಚೇಂಬರಿನ ತುದಿಯಲ್ಲಿ, ಚಿಪ್ಪು ಮುಗಿದು ಸುರುಳಿ ಗೆರೆ ಶುರುವಾಗುವ ಒಂದು ಬೆರಳಗಲದ ಜಾಗದಲ್ಲಿ. ಅಲ್ಲಿ ಮಸಿ, ಮೇಣ, ಸೀಸ ಮೂರೂ ಬೆಂದು ಗಟ್ಟಿ ಉಂಗುರವಾಗುತ್ತವೆ, ಹಾಲು ಕಾಯಿಸಿದ ಪಾತ್ರೆಯ ಅಂಚಿಗೆ ಹತ್ತುವ ಕರಕಲಿನಂತೆ. ಉಂಗುರ ಬೆಳೆದಾಗ ತೋಟೆ ಕೊನೆಯಲ್ಲಿ ತುಸು ಒತ್ತಿದರೇ ಕೂರುತ್ತದೆ, ಹೊಡೆಯದ ತೋಟೆಯನ್ನು ಹೊರತೆಗೆದರೆ ಗುಂಡಿನ ಮೇಲೆ ಗೀರು ಕಾಣುತ್ತದೆ. ಗಿಡ್ಡ ಚಿಪ್ಪಿನ .22 ಶಾರ್ಟ್ ತೋಟೆಗಳನ್ನು ಉದ್ದ ಚಿಪ್ಪಿನ .22 ಲಾಂಗ್ ರೈಫಲ್ ತೋಟೆಯ ಚೇಂಬರಿನಲ್ಲಿ ಹಾರಿಸುವವರಿಗೆ ಈ ಉಂಗುರ ಇನ್ನೂ ಹಿಂದೆ, ಚಿಪ್ಪು ಕೂರುವ ಜಾಗದಲ್ಲೇ ಕಟ್ಟುತ್ತದೆ. ಆಮೇಲೆ ಉದ್ದದ ತೋಟೆ ಹಾಕಿದರೆ ಸಿಕ್ಕಿಕೊಳ್ಳುತ್ತದೆ.

ತೆಗೆಯುವ ಉಪಾಯ ತಾಳ್ಮೆ. ನೈಲಾನ್ ಬ್ರಷ್ಷಿಗೆ ಸಣ್ಣ ಬಟ್ಟೆ ಸುತ್ತಿ ದ್ರಾವಣದಲ್ಲಿ ಅದ್ದಿ, ಚೇಂಬರಿನೊಳಗೆ ತಳ್ಳಿ, ಹಾಗೇ ಬಿಟ್ಟು ಹದಿನೈದು ನಿಮಿಷ ಬೇರೆ ಕೆಲಸ ನೋಡಿ. ಆಮೇಲೆ ಕೈಯಿಂದ ಏಳೆಂಟು ಸುತ್ತು ತಿರುಗಿಸಿ ಹೊರತೆಗೆಯಿರಿ. ಬಟ್ಟೆ ಕರ್ರಗೆ ಬರುತ್ತದೆ. ಹೊಸ ಬಟ್ಟೆ ಹಾಕಿ ಮತ್ತೊಮ್ಮೆ ಮಾಡಿ. ಎರಡು ಮೂರು ಸಲಕ್ಕೂ ಬಿಡದಿದ್ದರೆ ಮಾತ್ರ ಕಂಚಿನ ಬ್ರಷ್, ಅದೂ ಕೈಯಲ್ಲಿ ನಾಲ್ಕೈದು ಸುತ್ತು. ಡ್ರಿಲ್ ಯಂತ್ರಕ್ಕೆ ಬ್ರಷ್ ಸಿಕ್ಕಿಸುವುದು, ಸ್ಕ್ರೂಡ್ರೈವರಿನ ತುದಿಯಿಂದ ಕೆರೆಯುವುದು ಕೂಡದು. ಆ ಅಂಚು ಗುಂಡು ಗೆರೆಗೆ ಹತ್ತುವ ಮೆಟ್ಟಿಲು. ಅಲ್ಲಿ ಬಿದ್ದ ಗೀರು ಪ್ರತಿ ಗುಂಡಿನ ಮೈಮೇಲೂ ಬೀಳುತ್ತದೆ.

ನಳಿಕೆಯೊಳಗೆ

ಒರೆಸುವ ಮೊದಲು ಬಾಯಿಯನ್ನು ಒಮ್ಮೆ ನೋಡಿ. ಹೊಡೆದು ಬಂದ .22ರ ಬಾಯಿಯ ಮೇಲೆ ಮೇಣ ಮಸಿಗಳು ಸುರುಳಿ ಗೆರೆಗಳಿಗೆ ಅನುಗುಣವಾಗಿ ನಕ್ಷತ್ರದಂತೆ ಹರಡಿರುತ್ತವೆ. ದಳಗಳೆಲ್ಲ ಒಂದೇ ಉದ್ದವಿದ್ದರೆ ಅಂಚು ಸಮನಾಗಿದೆ ಎಂದು ತಿಳಿಯಬಹುದು. ಒಂದು ಕಡೆ ಉದ್ದ, ಇನ್ನೊಂದು ಕಡೆ ಮೊಂಡಾಗಿದ್ದರೆ ಅನುಮಾನಪಡಿ. ನಮ್ಮ ಮನೆಯ ಕೋವಿಯಲ್ಲಿ ಕೆಳಗಿನ ದಳಗಳು ಒಂದಕ್ಕೊಂದು ಸೇರಿ ಮಸಿಯ ಕಲೆಯಂತಾಗಿದ್ದವು. ವರ್ಷಗಟ್ಟಲೆ ಅದನ್ನು ನೋಡದೆಯೇ ಒರೆಸಿಬಿಟ್ಟಿದ್ದೆವು.

ಈಗ ಬೋರ್ ಗೈಡ್ ಕೂರಿಸಿ. ಸರಳನ್ನು ಒಣ ಬಟ್ಟೆಯಲ್ಲಿ ಒರೆಸಿ, ತುದಿಗೆ ದ್ರಾವಣ ಹಚ್ಚಿದ ಬಟ್ಟೆ ತುಂಡು ಚುಚ್ಚಿ, ಚೇಂಬರಿನ ಕಡೆಯಿಂದ ಬಾಯಿಯ ಕಡೆಗೆ ಒಂದೇ ಸಮ ತಳ್ಳಿ. ಬಟ್ಟೆಯ ಅಳತೆ ಬಿಗಿಯಾಗಿರಬೇಕು, ಆದರೆ ತಳ್ಳಲು ಎದೆಬಲ ಬೇಕಾದರೆ ಅದು ದೊಡ್ಡದಾಯಿತು; ಕತ್ತರಿಸಿ ಚಿಕ್ಕದು ಮಾಡಿ. ಬಟ್ಟೆ ಬಾಯಿಯಿಂದ ಹೊರಬಿದ್ದೊಡನೆ ನಿಲ್ಲಿಸಿ, ಅದನ್ನು ಕಳಚಿಹಾಕಿ, ಬರಿ ಸರಳನ್ನು ನಿಧಾನವಾಗಿ ಹಿಂದಕ್ಕೆಳೆಯಿರಿ. ಕೊಳೆ ಬಟ್ಟೆಯನ್ನು ಒಳಗೆ ವಾಪಸು ಎಳೆದರೆ ಗಾಜಿನ ಪುಡಿಯನ್ನು ಮತ್ತೆ ಚೇಂಬರಿಗೆ ತಂದು ಸುರಿದಂತೆ.

ಮೂರು ಒದ್ದೆ ಬಟ್ಟೆ, ಹತ್ತು ನಿಮಿಷದ ಬಿಡುವು, ಮತ್ತೊಂದು ಒದ್ದೆ, ಎರಡು ಒಣ. ನನ್ನ ಮಟ್ಟಿಗೆ ಅಲ್ಲಿಗೆ ನಳಿಕೆಯ ಕೆಲಸ ಮುಗಿಯಿತು. ಕೊನೆಯ ಬಟ್ಟೆ ಮಲ್ಲಿಗೆಯಂತೆ ಬೆಳ್ಳಗೆ ಬರಬೇಕೆಂದು ಹಟ ಬೇಡ, ತಿಳಿ ಬೂದು ಬಣ್ಣವಿದ್ದರೆ ಸಾಕು.

ಬಟ್ಟೆಯ ಮೇಲೆ ಮಿರಿಮಿರಿ ಬೆಳ್ಳಿಯಂಥ ಚೂರುಗಳು ಬಂದರೆ ಸೀಸ ಹತ್ತಿದೆ ಎಂದರ್ಥ. ಆಗ ಕಂಚಿನ ಬ್ರಷ್ ಬಳಸಬಹುದು. ದ್ರಾವಣದಲ್ಲಿ ಅದ್ದಿ, ಚೇಂಬರಿನಿಂದ ಬಾಯಿಯವರೆಗೆ ಪೂರ್ತಿ ಹಾಯಿಸಿ, ಐದಾರು ಸಲ ಸಾಕು. ನಡು ನಳಿಕೆಯಲ್ಲಿ ಬ್ರಷ್ಷಿನ ದಿಕ್ಕು ಬದಲಿಸಬೇಡಿ. ಕೂದಲು ಹಿಮ್ಮುಖವಾಗಿ ಮಡಿಚಿಕೊಂಡು ಅಲ್ಲೇ ಕಚ್ಚಿ ನಿಲ್ಲುತ್ತದೆ. ಹೊರಬಂದ ಬ್ರಷ್ಷನ್ನು ಬಾಯಿಯ ಬಳಿಯೇ ತಿರುಪಿ ಬಿಚ್ಚಿ ತೆಗೆಯುವುದು ಕ್ಷೇಮ. ಬ್ರಷ್ಷನ್ನು ಬಾಯಿಯ ಕಡೆಯಿಂದ ಒಳಗೆಳೆಯುವಾಗ ಸರಳು ಜೋಲಿ, ಅದರ ಭಾರವೆಲ್ಲ ಕೆಳಗಿನ ಅಂಚಿನ ಮೇಲೆ ಬೀಳುತ್ತದೆ. ಬಾವಿಕಟ್ಟೆ ಸವೆಯುವುದು ಹೀಗೆಯೇ.

ಸರಳಿಗೆ ದುಡ್ಡು ಹಾಕಲು ಮನಸ್ಸಿಲ್ಲದವರಿಗೆ ಒಂದು ಉಪಾಯ ಕಾಫಿ ತೋಟದಲ್ಲೇ ಇದೆ. ಕಳೆ ಕೊಚ್ಚುವ ಯಂತ್ರದ ದುಂಡನೆಯ ನೈಲಾನ್ ದಾರ, ಸುಮಾರು ಎರಡು ಮಿಲಿಮೀಟರ್ ದಪ್ಪದ್ದು. ನಳಿಕೆಗಿಂತ ಒಂದು ಮೊಳ ಉದ್ದ ಕತ್ತರಿಸಿ. ಒಂದು ತುದಿಯನ್ನು ಬೆಂಕಿಕಡ್ಡಿಗೆ ಹಿಡಿದು ಕರಗಿಸಿ, ತಣ್ಣನೆಯ ಲೋಹದ ಮೇಲೆ ಒತ್ತಿದರೆ ಅಣಬೆಯ ತಲೆಯಂತೆ ಹರಡುತ್ತದೆ. ಅಣಬೆ ನಳಿಕೆಯೊಳಗೆ ಸಲೀಸಾಗಿ ಹೋಗುವಷ್ಟು ಚಿಕ್ಕದಿರಲಿ. ಇನ್ನೊಂದು ತುದಿಯನ್ನು ಓರೆಯಾಗಿ ಕತ್ತರಿಸಿ ಚೂಪು ಮಾಡಿ. ಚೂಪು ತುದಿಗೆ ಬಟ್ಟೆಯ ಮಧ್ಯ ಚುಚ್ಚಿ, ಅಣಬೆಯವರೆಗೆ ಜಾರಿಸಿ, ದಾರವನ್ನು ಚೇಂಬರಿನ ಕಡೆಯಿಂದ ತೂರಿಸಿ ಬಾಯಿಯಿಂದ ನೇರವಾಗಿ ಎಳೆಯಿರಿ. ನೇರವಾಗಿ ಎಂಬುದನ್ನು ಮರೆಯಬೇಡಿ. ಓರೆಗೆ ಎಳೆದರೆ ಮರಳು ಹತ್ತಿದ ದಾರವೂ ಅಂಚನ್ನು ಕೊರೆಯಬಲ್ಲದು. ಮಾರುಕಟ್ಟೆಯ ಹಾವಿನಂಥ ಹಗ್ಗಗಳಿಗೂ ಇದೇ ಮಾತು. ಅವು ಒಂದೇ ಎಳೆತಕ್ಕೆ ಕೆಲಸ ಮುಗಿಸುತ್ತವೆ ನಿಜ, ಆದರೆ ತೊಳೆಯದೆ ಬಳಸಿದರೆ ಹಳೆಯ ಕೊಳೆಯನ್ನೇ ನಳಿಕೆಗೆ ಉಣಿಸುತ್ತವೆ.

ಕೊನೆಗೆ ಬಾಯಿಯ ಮೇಲ್ಮೈಯನ್ನು ದ್ರಾವಣದ ಹತ್ತಿ ಕಡ್ಡಿಯಿಂದ ಒರೆಸಿ. ಬ್ರಷ್ ಬೇಡ. ಒಣ ಕಡ್ಡಿಯೊಂದನ್ನು ರಂಧ್ರದ ಅಂಚಿನ ಸುತ್ತ ಮೆಲ್ಲಗೆ ಆಡಿಸಿ ನೋಡಿ. ಒಂದೇ ಜಾಗದಲ್ಲಿ ಪದೇ ಪದೇ ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಮುಳ್ಳೆದ್ದಿದೆ. ಅದನ್ನು ಅರದಿಂದ ತಿಕ್ಕಬೇಡಿ, ಪರವಾನಗಿ ಇರುವ ಕೋವಿ ರಿಪೇರಿಯವರಲ್ಲಿಗೆ ಒಯ್ಯಿರಿ. ಬಾಯಿಯನ್ನು ಯಂತ್ರದಲ್ಲಿ ಹೊಸದಾಗಿ ಕತ್ತರಿಸಿಕೊಟ್ಟ ಮೇಲೆ ನಮ್ಮ ಮನೆಯ ಕೋವಿ ಮತ್ತೆ ಹಳೆಯ ಹಾದಿಗೆ ಬಂತು. ಅರ್ಧ ಇಂಚು ಮೊಟಕಾಯಿತು, ಅಷ್ಟೆ.

ಬೋಲ್ಟ್: ಅಕ್ಕಿಕಾಳಿನಷ್ಟು ಸ್ಪ್ರಿಂಗಿನ ಕಥೆ

ಬೋಲ್ಟಿನ ಮುಖದಲ್ಲಿ ತೋಟೆಯ ಅಂಚು ಕೂರುವ ತಗ್ಗಿದೆ. ಅಲ್ಲಿ ಕಪ್ಪು ಕಿಟ್ಟ ಗಟ್ಟಿಯಾಗಿ ಕೂತಿರುತ್ತದೆ. ಹಲ್ಲುಜ್ಜುವ ಬ್ರಷ್ಷಿಗೆ ದ್ರಾವಣ ಹಚ್ಚಿ ತಿಕ್ಕಿ, ಮೂಲೆಗಳಿಗೆ ಹಲ್ಲುಕಡ್ಡಿ. ಖಾಲಿ ಚಿಪ್ಪನ್ನು ಹೊರಗೆಳೆಯುವ ಎಕ್ಸ್‌ಟ್ರಾಕ್ಟರಿನ ಉಗುರಿನ ಕೆಳಗೆ ಹಿತ್ತಾಳೆಯ ಚೂರು, ಮೇಣ ಸೇರಿಕೊಂಡಿರುತ್ತವೆ. ಹಲ್ಲುಕಡ್ಡಿಯ ತುದಿಯಿಂದ ಬಿಡಿಸಿ. ಖಾಲಿ ಚಿಪ್ಪು ಹೊರಗೆ ಬಾರದೆ ಸತಾಯಿಸುವ ಎಷ್ಟೋ ಕೋವಿಗಳ ಕಾಯಿಲೆ ಇಷ್ಟರಲ್ಲೇ ವಾಸಿಯಾಗುತ್ತದೆ.

ಎಕ್ಸ್‌ಟ್ರಾಕ್ಟರನ್ನು ಬಿಚ್ಚಬೇಕೇ? ಬಹುಮಟ್ಟಿಗೆ ಬೇಡ. ನಾನೊಮ್ಮೆ ಬಿಚ್ಚಿದೆ. ಅದರ ಹಿಂದಿನ ಸ್ಪ್ರಿಂಗ್ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. 'ಟಿಂಗ್' ಎಂದದ್ದು ಕೇಳಿಸಿತು, ಎಲ್ಲಿ ಬಿತ್ತೆಂದು ಕಾಣಲಿಲ್ಲ. ಜಗಲಿ ಗುಡಿಸಿದೆವು, ಕಸವನ್ನು ಮೊರದಲ್ಲಿ ಹಾಕಿ ಕೇರಿದೆವು, ಮೂರನೆಯ ದಿನ ಅದು ನನ್ನ ಸ್ವೆಟರಿನ ಮಡಿಕೆಯಲ್ಲಿ ಸಿಕ್ಕಿತು. ಬಿಚ್ಚಲೇಬೇಕಾದರೆ ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಎರಡೂ ಕೈ ಹಾಕಿ ಬಿಚ್ಚಿ. ಹಾರಿದರೂ ಚೀಲದಲ್ಲೇ ಉಳಿಯುತ್ತದೆ. ಒಂದೊಂದು ಹಂತಕ್ಕೂ ಚಿತ್ರ ತೆಗೆದಿಟ್ಟುಕೊಳ್ಳಿ. ಕೆಲವು ಬೋಲ್ಟುಗಳಲ್ಲಿ ಎರಡು ಉಗುರುಗಳಿದ್ದು, ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದರೆ ಕೆಲಸ ಮಾಡುವುದಿಲ್ಲ.

ಫೈರಿಂಗ್ ಪಿನ್ನಿನ ದಾರಿ ಒಣಗಿರಲಿ. ಹಳೆಯ ಎಣ್ಣೆ ಮಸಿಯೊಂದಿಗೆ ಸೇರಿ ಅಂಟಾದರೆ ಪಿನ್ನಿನ ಹೊಡೆತ ಬಡವಾಗುತ್ತದೆ. ತುದಿಯನ್ನು ಬೆರಳಲ್ಲಿ ಮುಟ್ಟಿ ನೋಡಿ, ಮೊಂಡಾಗಿದ್ದರೂ ಚಿವುಟಿದಂತಾಗಿದ್ದರೂ ಬದಲಿಸುವ ಕಾಲ ಬಂತು.

ಖಾಲಿ ಕೋವಿಯಲ್ಲಿ ಟ್ರಿಗರ್ ಒತ್ತುವ ಚಟ

ಶುಚಿ ಮುಗಿದು ಬೋಲ್ಟ್ ಕೂರಿಸಿದ ಮೇಲೆ 'ಟಕ್' ಎಂದು ಒಮ್ಮೆ ಟ್ರಿಗರ್ ಎಳೆದು ಗೋಡೆಗೆ ಒರಗಿಸುವುದು ಹಲವರ ಪದ್ಧತಿ. ಸುತ್ತಿಗೆ, ಅಡಿಗಲ್ಲಿನ ಮಾತು ಇಲ್ಲಿಗೆ ಬಂತು. ಪಿನ್ನನ್ನು ತಡೆಯುವ ವ್ಯವಸ್ಥೆ ಇಲ್ಲದ ಹಳೆಯ ರೈಫಲ್ಲುಗಳಲ್ಲಿ ಪ್ರತಿ 'ಟಕ್'ಗೂ ಪಿನ್ ಚೇಂಬರಿನ ಅಂಚಿಗೇ ಕುಟ್ಟುತ್ತದೆ. ಕ್ರಮೇಣ ಅಲ್ಲಿ ತಗ್ಗು ಬಿದ್ದು, ಉಕ್ಕು ಚೇಂಬರಿನೊಳಕ್ಕೆ ಉಬ್ಬುತ್ತದೆ. ಚಿಪ್ಪು ಸಿಕ್ಕಿಕೊಳ್ಳುತ್ತದೆ, ತೋಟೆ ಆಗಾಗ ಹುಸಿಯಾಗುತ್ತದೆ. ರೂಗರ್ 10/22ರಂಥ ಕೆಲವು ಕೋವಿಗಳಲ್ಲಿ ಪಿನ್ ಅಷ್ಟು ಮುಂದೆ ಬಾರದಂತೆ ತಡೆಯಿದೆ. ನಿಮ್ಮದರಲ್ಲಿ ಇದೆಯೆಂದು ಕೈಪಿಡಿ ಹೇಳದಿದ್ದರೆ ಇಲ್ಲವೆಂದೇ ಭಾವಿಸಿ.

ಸ್ಪ್ರಿಂಗನ್ನು ಸಡಿಲಿಸಿ ಇಡಬೇಕೆಂದರೆ ಚೇಂಬರ್ ಖಾಲಿ ಎಂದು ಮತ್ತೊಮ್ಮೆ ನೋಡಿ, ಟ್ರಿಗರನ್ನು ಒತ್ತಿ ಹಿಡಿದುಕೊಂಡೇ ಬೋಲ್ಟಿನ ಹಿಡಿಯನ್ನು ಮೆಲ್ಲಗೆ ಕೆಳಗಿಳಿಸಿ. ಹೆಚ್ಚಿನ ಬೋಲ್ಟ್ ರೈಫಲ್ಲುಗಳಲ್ಲಿ ಪಿನ್ ಕುಟ್ಟದೆ ಮೆತ್ತಗೆ ಇಳಿಯುತ್ತದೆ. ಟ್ರಿಗರ್ ಅಭ್ಯಾಸ ಮಾಡಬೇಕೆಂದಿದ್ದರೆ ಹಾರಿಸಿದ ಖಾಲಿ ಚಿಪ್ಪನ್ನು ಹಾಕಿ, ಹಳೆಯ ಗುಳಿ ಪಿನ್ನಿನ ಎದುರಿಗೆ ಬಾರದಂತೆ ಪ್ರತಿ ಸಲ ತಿರುಗಿಸಿಕೊಳ್ಳಿ.

ಉಳಿದ ಭಾಗಗಳು

ಟ್ರಿಗರ್ ಪೆಟ್ಟಿಗೆಯೊಳಗೆ ಎಣ್ಣೆ ಸಿಂಪಡಿಸಬೇಡಿ. ಸ್ಪರ್ಧೆಯ ರೈಫಲ್ಲುಗಳ ಟ್ರಿಗರ್ ತೀರಾ ಕಡಿಮೆ ಒತ್ತಡಕ್ಕೆ ಬಿಡುವಂಥದ್ದು. ಧೂಳು ಕುಡಿದ ಎಣ್ಣೆ ಅದನ್ನು ಅಂಟಿಸಿಬಿಡುತ್ತದೆ, ಇಲ್ಲವೇ ಜಾರುವಂತೆ ಮಾಡುತ್ತದೆ. ಊದಿ, ಮೆತ್ತನೆಯ ಬ್ರಷ್ಷಿನಲ್ಲಿ ಕೊಡವಿ, ಬಿಟ್ಟುಬಿಡಿ. ಮ್ಯಾಗಜೀನನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಅದರ ತುಟಿಗಳನ್ನು ಇಕ್ಕಳದಿಂದ 'ಸರಿ' ಮಾಡಲು ಹೋಗಬೇಡಿ, ಒಳಗೆ ಎಣ್ಣೆಯೂ ಬೇಡ. ಎಣ್ಣೆ ತೋಟೆಯೊಳಗೆ ಇಳಿದರೆ ಮದ್ದು ಸಾಯುತ್ತದೆ. ಸ್ಕೋಪಿನ ಗಾಜಿಗೆ ಮೊದಲು ಊದುಬುಗ್ಗೆ, ಆಮೇಲೆ ಕನ್ನಡಕದ ಬಟ್ಟೆ.

ಹಿಂಭಾಗ ಮುಚ್ಚಿರುವ ಅರೆಸ್ವಯಂಚಾಲಿತ ರೈಫಲ್ಲುಗಳಲ್ಲಿ ಚೇಂಬರಿನ ಕಡೆಯಿಂದ ಸರಳು ಹೋಗುವುದಿಲ್ಲ. ಅವಕ್ಕೆ ನೈಲಾನ್ ದಾರವೇ ಮೇಲು. ಬಾಯಿಯಿಂದಲೇ ಸರಳು ಹಾಕಬೇಕಾದರೆ ಅಂಚನ್ನು ಕಾಯುವ ಹಿತ್ತಾಳೆ ಅಥವಾ ಪ್ಲಾಸ್ಟಿಕ್ ಬಿರಡೆ ಕಡ್ಡಾಯ. ಇವುಗಳಲ್ಲಿ ಸುಡದೆ ಉಳಿದ ಮದ್ದು, ಮೇಣ ಎಲ್ಲ ಒಳಕ್ಕೇ ಉಗಿಯುವುದರಿಂದ ನಳಿಕೆಗಿಂತ ಬೋಲ್ಟು ಓಡಾಡುವ ಜಾಗಕ್ಕೆ ಹೆಚ್ಚು ಗಮನ ಕೊಡಿ.

ಎಣ್ಣೆ, ಮಳೆಗಾಲ, ಪೂಜೆ

ಹೊರಮೈಗೆ ಎಣ್ಣೆ ಹಚ್ಚಿ ಒರೆಸಿದ ಮೇಲೆ ಕೈಗೆ ಜಿಡ್ಡು ತಾಗಬಾರದು, ಆದರೂ ಉಕ್ಕಿನ ಮೇಲೆ ತೆಳು ಪದರ ಇರಬೇಕು. ಒಳಗೆ ಎಣ್ಣೆಯ ಒಂದು ಬಟ್ಟೆ ಹಾಯಿಸಿ. ಮುಂದಿನ ಸಲ ಹಾರಿಸುವ ಮೊದಲು ಒಣ ಬಟ್ಟೆಯಿಂದ ಅದನ್ನು ತೆಗೆಯಿರಿ. ಬೆವರಿನ ಉಪ್ಪು ಬೆರಳಚ್ಚಿನ ಆಕಾರದಲ್ಲೇ ತುಕ್ಕು ತರುತ್ತದೆ, ಆದ್ದರಿಂದ ಒರೆಸಿದ ಮೇಲೆ ಬರಿಗೈಯಲ್ಲಿ ನಳಿಕೆ ಹಿಡಿಯಬೇಡಿ.

ಕೊಡಗಿನ ಮಳೆಗಾಲ ಬಲ್ಲವರಿಗೆ ತೇವದ ವಿಚಾರ ಹೇಳಬೇಕಿಲ್ಲ. ಜೂನಿನಿಂದ ಚಪ್ಪಲಿ, ಬೆಲ್ಟು, ಪುಸ್ತಕಗಳಿಗೆ ಬೂಷ್ಟು ಹಿಡಿಯುವ ಮನೆಯಲ್ಲಿ ಕೋವಿಗೆ ಬಟ್ಟೆಯ ಅಥವಾ ಚರ್ಮದ ಚೀಲ ಹೊದಿಸಿ ಇಡುವುದು ಒದ್ದೆ ಕಂಬಳಿ ಹೊದಿಸಿದಂತೆ. ಬೀಗ ಹಾಕಿದ ಕಪಾಟಿನಲ್ಲಿ ಬರಿಯ ಕೋವಿಯನ್ನೇ ನಿಲ್ಲಿಸಿ, ಜೊತೆಗೆ ಸಿಲಿಕಾ ಜೆಲ್ ಇಡಿ. ನೀಲಿ ಹರಳುಗಳು ಗುಲಾಬಿಯಾದಾಗ ಬಿಸಿ ಮಾಡಿ ಒಣಗಿಸಿದರೆ ಮತ್ತೆ ನೀಲಿಯಾಗುತ್ತವೆ. ಹದಿನೈದು ದಿನಕ್ಕೊಮ್ಮೆ ತೆಗೆದು ಒರೆಸಿ.

ಮಳೆ ಹಿಂದೆ ಸರಿಯುವ ಸೆಪ್ಟೆಂಬರಿನಲ್ಲಿ ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊ‌ಳ್ದ್ ಬರುತ್ತದೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಇರುವುದರಿಂದ ಕೋವಿ ಇರುವ ಮನೆ ಇಲ್ಲಿ ಅಪರೂಪವಲ್ಲ. ಕೋವಿಯನ್ನು ಒರೆಸಿ, ದೇವರ ಕೋಣೆಯಲ್ಲಿಟ್ಟು, ಕೋವಿಗೆ ಮುಡಿಸುವ ಹೂವಾದ ತೋಕ್‌ಪೂ ಏರಿಸಿ, ಚಂದನ ಹಚ್ಚುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುರಿ ಹೊಡೆಯುವ ಪಂದ್ಯಗಳು. ತೇಯ್ದ ಚಂದನದಲ್ಲಿ ನೀರಿದೆ ಎಂಬುದು ಮಾತ್ರ ನೆನಪಿರಲಿ. ಅಜ್ಜಿ ಹಚ್ಚಿದ ಬೊಟ್ಟು ಅಳಿಸಲು ಮನಸ್ಸಾಗದೆ ನಾನೊಮ್ಮೆ ಹಾಗೇ ಬಿಟ್ಟಿದ್ದೆ. ಎಂಟು ದಿನದ ನಂತರ ಒರೆಸಿದಾಗ ಚಂದನ ಹೋಯಿತು, ಅದರ ಅಡಿಯಲ್ಲಿ ಕಾಸಿನಗಲದ ಕಂದು ಕಲೆ ಉಳಿಯಿತು, ಇವತ್ತಿಗೂ ಇದೆ. ಈಗ ಬೊಟ್ಟನ್ನು ಮರದ ಹಿಡಿಗೆ ಇಡುತ್ತೇವೆ. ಹೂವನ್ನು ನಳಿಕೆಯ ಬಾಯಿಗೆ ಸಿಕ್ಕಿಸಿದ್ದರೆ, ಪಂದ್ಯಕ್ಕೆ ಹೊರಡುವ ಮೊದಲು ಬೋಲ್ಟ್ ತೆಗೆದು ಬೆಳಕಿಗೆ ಹಿಡಿದು ನಳಿಕೆಯ ಆಚೆ ತುದಿಯವರೆಗೆ ಕಾಣುತ್ತದೆಯೇ ನೋಡಿ. ಒಂದು ಎಸಳು ಒಳಗೆ ಉಳಿದರೂ ಅಪಾಯ.

ಇನ್ನೊಂದು ಮಾತು. ಶುಚಿ ಮಾಡಿದ .22 ಮೊದಲ ಐದಾರು ಗುಂಡುಗಳನ್ನು, ಕೆಲವು ಕೋವಿಗಳು ಇಪ್ಪತ್ತರವರೆಗೂ, ಬೇರೆಡೆ ಬೀಳಿಸುತ್ತವೆ. ಗುಂಡಿನ ಮೇಣ ನಳಿಕೆಗೆ ಮತ್ತೆ ಸಮನಾಗಿ ಹರಡಿದ ಮೇಲೆ ತಾವಾಗಿಯೇ ಒಂದೆಡೆ ಸೇರುತ್ತವೆ, ಹೊಸ ದೋಸೆ ಕಾವಲಿ ಪಳಗುವಂತೆ. ಆ ಹೊತ್ತಿನಲ್ಲಿ ಸ್ಕೋಪಿನ ತಿರುಪು ಮುಟ್ಟಬೇಡಿ. ಪಂದ್ಯದ ಹಿಂದಿನ ರಾತ್ರಿ ನಳಿಕೆ ಒರೆಸಿ, ಬೆಳಗ್ಗೆ ಮೊದಲ ಮೂರು ಕಾಯಿ ತಪ್ಪಿಸಿಕೊಂಡು ತೋಟೆಯನ್ನು ಬೈಯುವವರು ಪ್ರತಿ ವರ್ಷವೂ ಇರುತ್ತಾರೆ.